ಒತ್ತಿನಿಂದ ಶುರು ಮಾಡಿ: ಒಂಬತ್ತು ಪಾಯಿಂಟಿನ ಕನ್ನಡ

ಎಲ್ಲರಿಗೂ ನಮಸ್ಕಾರ.

ಶಿರಸಿಯ ಮಾರಿಕಾಂಬಾ ಜಾತ್ರೆಗೆ ಊರ ತುಂಬ ಕಟ್ಟುವ ಫ್ಲೆಕ್ಸ್‌ಗೆ ಯಾವ ಫಾಂಟ್ ಹಾಕಿದರೂ ನಡೆಯುತ್ತದೆ. ಒಂದಡಿ ಎತ್ತರದ ಅಕ್ಷರವನ್ನು ಓದಲಾಗದಂತೆ ಮಾಡುವುದಕ್ಕೇ ವಿಶೇಷ ಪ್ರತಿಭೆ ಬೇಕು. ಕಷ್ಟ ಇರುವುದು ಪಂಚಾಂಗದ ಕಾಲಮಿನಲ್ಲಿ, ಪಹಣಿಯ ಕೆಳಗಿನ ಸಾಲುಗಳಲ್ಲಿ, ಕೀಟನಾಶಕದ ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ, ಭಾಗವತರ ಮುಂದಿರುವ ಪ್ರಸಂಗ ಪುಸ್ತಕದಲ್ಲಿ. ಅಲ್ಲಿ ಅಕ್ಷರ 8 ಅಥವಾ 9 ಪಾಯಿಂಟು, ಓದುವವರಿಗೆ ಚಾಳೀಸು ಬಂದಿರುತ್ತದೆ, ಬೆಳಕು ಅಷ್ಟಕ್ಕಷ್ಟೆ.

ಈ ಅಳತೆಗೆ ಫಾಂಟ್ ಮಾಡಲು ಕೂತವರು ಸಾಮಾನ್ಯವಾಗಿ ‘ಅ’ದಿಂದ ಹೊರಟು ಸ್ವರ, ವ್ಯಂಜನ ಮುಗಿಸಿ, ಕೊನೆಗೆ ಒತ್ತಕ್ಷರಕ್ಕೆ ಬರುತ್ತಾರೆ. ಅಷ್ಟರಲ್ಲಿ ಮೇಲಿನ ಜಾಗವೆಲ್ಲ ಹಂಚಿ ಹೋಗಿರುತ್ತದೆ, ಒತ್ತಿಗೆ ಉಳಿಯುವುದು ಮನೆಯ ಹಿಂದಿನ ಕೊಟ್ಟಿಗೆಯಷ್ಟೆ. ಕೆಲಸ ತಿರುವುಮುರುವಾಗಬೇಕು: ಮೊದಲು ಒತ್ತು, ಆಮೇಲೆ ಅಕ್ಷರ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಫಾಂಟನ್ನು ಸಾಮಾನ್ಯವಾಗಿ 1000 ಯೂನಿಟ್‌ಗಳ ಚೌಕದಲ್ಲಿ ಬರೆಯುತ್ತೇವೆ. ಒಂದು ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ. 9 ಪಾಯಿಂಟಿನಲ್ಲಿ ಆ 1000 ಯೂನಿಟ್ ಕಾಗದದ ಮೇಲೆ 3.175 ಮಿಲಿಮೀಟರ್ ಆಗುತ್ತದೆ. ಅಕ್ಷರದ ಮೈ 560 ಯೂನಿಟ್ ಎಂದುಕೊಂಡರೆ 1.8 ಮಿ.ಮೀ. ಹತ್ತಿರ. ಒತ್ತು 290 ಯೂನಿಟ್ ಎತ್ತರ ಇದ್ದರೆ 0.9 ಮಿ.ಮೀ.ಗೆ ಸ್ವಲ್ಪ ಮೇಲೆ, ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. ‘ಸುಣ್ಣ’ ಎಂಬ ಪದದಲ್ಲಿ ಣ ಒತ್ತಿನ ಸುಳಿ, ಹೊಟ್ಟೆ, ಬಾಲ ಎಲ್ಲವೂ ಆ ಸಾಸಿವೆಯೊಳಗೆ ಹಿಡಿಯಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ದೊಡ್ಡ ಣ ತೆಗೆದುಕೊಂಡು ಶೇಕಡಾ 60ಕ್ಕೆ ಕುಗ್ಗಿಸಿ ಕೆಳಗೆ ಅಂಟಿಸುವುದು. ಮೈಯ ಗೆರೆ 78 ಯೂನಿಟ್ ದಪ್ಪ ಇದ್ದರೆ ಒತ್ತಿನ ಗೆರೆ 47ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಕಾಲು ಮಿಲಿಮೀಟರ್ ಗೆರೆಯ ಪಕ್ಕ 0.15 ಮಿ.ಮೀ. ಗೆರೆ. ಓದುವವನ ಕಣ್ಣಿಗೆ ಮೇಲಿನದು ಕಪ್ಪು, ಕೆಳಗಿನದು ಬೂದು. ಒಳಗಿನ ಬಿಳಿಯೂ ಅದೇ ಪ್ರಮಾಣದಲ್ಲಿ ಕುಗ್ಗಿರುವುದರಿಂದ ಶಾಯಿ ಸ್ವಲ್ಪ ಹರಡಿದರೆ ಣ ಒತ್ತು ಒಂದು ಮಸಿ ಚುಕ್ಕೆ. ಹಾಗಾಗಿ ಒತ್ತನ್ನು ಹೊಸದಾಗಿಯೇ ಬರೆಯಬೇಕು: ಗೆರೆ 66ರಿಂದ 70 ಯೂನಿಟ್, ಒಳಗಿನ ಯಾವ ಬಿಳಿಯೂ 70ಕ್ಕಿಂತ ಕಿರಿದಾಗದಂತೆ. ಎತ್ತರಕ್ಕೆ ಜಾಗ ಇಲ್ಲ, ಅಗಲಕ್ಕೆ ಇದೆ. ಣ ಒತ್ತನ್ನು ಅಗಲಕ್ಕೆ ಎಳೆಯಿರಿ, ಅದರ ಸುಳಿಯನ್ನು ಒಂದು ಕೊಂಡಿಯಷ್ಟಕ್ಕೆ ಇಳಿಸಿ. ದೊಡ್ಡದು ಮಾಡಿ ನೋಡಿದರೆ ಚಪ್ಪಟೆಯಾಗಿ, ಒರಟಾಗಿ ಕಾಣುತ್ತದೆ. ಕಾಣಲಿ ಬಿಡಿ, ಅದನ್ನು ಯಾರೂ ದೊಡ್ಡದಾಗಿ ಓದುವುದಿಲ್ಲ.

ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ತಮ್ಮದೇ ರೂಪ ಇದೆ, ಮೂಲ ಅಕ್ಷರಕ್ಕೂ ಅದಕ್ಕೂ ಹೋಲಿಕೆ ಕಡಿಮೆ. ಇವು ಬದುಕಿಕೊಳ್ಳುತ್ತವೆ. ಸಾಯುವುದು ತಲೆಕಟ್ಟು ಕಳಚಿಕೊಂಡು ಹಾಗೇ ಚಿಕ್ಕದಾಗುವ ಉಳಿದವು. ನಮ್ಮ ಜಿಲ್ಲೆಯ ಊರುಗಳನ್ನೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿ ನೋಡಿ. ಹೊನ್ನಾವರ, ಯಲ್ಲಾಪುರ ಸಲೀಸು. ಸಿದ್ದಾಪುರಕ್ಕೆ ಬಂದಾಗ ಕೆಳಗಿರುವುದು ದ ಒತ್ತೋ ಧ ಒತ್ತೋ ಎಂದು ತಡಕಾಡಬೇಕು.

ದ ಮತ್ತು ಧ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಎರಡಕ್ಕೂ ವ್ಯತ್ಯಾಸ ತಳದಲ್ಲಿರುವ ಮಹಾಪ್ರಾಣದ ಗುರುತು ಮಾತ್ರ. ಕೆಲವು ಫಾಂಟ್‌ಗಳಲ್ಲಿ ಅದು ಹೊಟ್ಟೆ ಸೀಳಿದ ಹಾಗೆ, ಕೆಲವುಗಳಲ್ಲಿ ಕೆಳಗಿಳಿದ ಗಿಡ್ಡ ಗೆರೆ. ಸೀಳು 40 ಯೂನಿಟ್ ಇಟ್ಟರೆ 9 ಪಾಯಿಂಟಿನಲ್ಲಿ 0.127 ಮಿ.ಮೀ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಲೇಸರ್ ಪ್ರಿಂಟರ್‌ನಲ್ಲಿ ಇದು ಮೂರೇ ಚುಕ್ಕೆಗಳ ಅಗಲ. ಎರಡೂ ಬದಿಯಿಂದ ಟೋನರ್ ಒಂದೊಂದು ಚುಕ್ಕೆ ಮುಂದೆ ಬಂದರೆ ಉಳಿಯುವುದು ಒಂದು. ಅದನ್ನು ಜೆರಾಕ್ಸ್ ಮಾಡಿದರೆ ಧ ಹೋಗಿ ದ. ಕಂಪ್ಯೂಟರ್ ಪರದೆಯಲ್ಲಿ ಇನ್ನೂ ಕೆಟ್ಟದು: 96 ಡಿಪಿಐ ಪರದೆಯಲ್ಲಿ 9 ಪಾಯಿಂಟ್ ಎಂದರೆ 12 ಪಿಕ್ಸೆಲ್, ಒಂದು ಪಿಕ್ಸೆಲ್‌ಗೆ 83 ಯೂನಿಟ್. 40 ಯೂನಿಟ್‌ನ ಸೀಳು ಅರ್ಧ ಪಿಕ್ಸೆಲ್, ಅಂದರೆ ಒಂದು ಬೂದು ಕಲೆ.

ಆದ್ದರಿಂದ ಸಣ್ಣ ಅಳತೆಯ ಫಾಂಟಿಗೆ ಸೀಳು ಬೇಡ, ಇಳಿಗೆರೆಯೇ ಸರಿ. ಅದು ಅಕ್ಷರದ ತಳದಿಂದ 80–90 ಯೂನಿಟ್ ಕೆಳಗೆ ಬರಲಿ. ಆದರೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚುತ್ತದೆ. ‘ಅಧ್ಯಾಯ’, ‘ಧ್ವನಿ’ ಬರೆದು ನೋಡಿ: ಇಳಿದ ಗೆರೆ ಹೋಗಿ ಯ ಒತ್ತಿನ, ವ ಒತ್ತಿನ ತಲೆಗೆ ಕುಟ್ಟುತ್ತದೆ. ಆಗ ಛ, ಢ, ಥ, ಧ, ಫ, ಭ ಇಂಥ ಅಕ್ಷರಗಳ ಕೆಳಗೆ ಮಾತ್ರ ಒತ್ತು 60–70 ಯೂನಿಟ್ ಬಲಕ್ಕೆ ಸರಿಯುವಂತೆ ಓಪನ್‌ಟೈಪ್ ನಿಯಮ, ಅಂದರೆ ಯಾವ ಅಕ್ಷರದ ಜೊತೆ ಯಾವುದು ಎಲ್ಲಿ ಕೂರಬೇಕೆಂದು ಫಾಂಟಿನೊಳಗೇ ಇಡುವ ಸೂಚನೆ, ಬರೆಯಬೇಕು. ಹಳೆಯ, ಒಟ್ಟು 256 ಚಿತ್ರಗಳಿಗಷ್ಟೇ ಮನೆಗಳಿದ್ದ ಫಾಂಟ್‌ಗಳಲ್ಲಿ ಇದಕ್ಕೆ ದಾರಿ ಇರಲಿಲ್ಲ. ಅಲ್ಲಿ ಒತ್ತು ಒಂದು ಬಿಡಿ ತುಣುಕು, ಯಾವ ಅಕ್ಷರ ಬಂದರೂ ಅದೇ ಜಾಗದಲ್ಲಿ ಕೂರುತ್ತಿತ್ತು. ಈಗ ದಾರಿ ಇದ್ದೂ ಅನೇಕರು ಬಳಸುವುದಿಲ್ಲ. ಇದು ಸೋಮಾರಿತನ, ಬೇರೆ ಹೆಸರಿಲ್ಲ.

ಎರಡು ಒತ್ತು ಬಂದರೆ? ಶಾಸ್ತ್ರ, ರಾಷ್ಟ್ರ, ಲಕ್ಷ್ಮಿ. ಎರಡನೆಯದನ್ನು ಮೊದಲನೆಯದರ ಕೆಳಗೆ ಇಳಿಸಿದರೆ ಸಾಲಿನ ಆಳ ಹೆಚ್ಚಿ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಪಕ್ಕಕ್ಕೆ ಕೂರಿಸಿದರೆ ಅಗಲ ಹೆಚ್ಚುತ್ತದೆ. ಸಣ್ಣ ಅಳತೆಗೆ ಪಕ್ಕವೇ ಲೇಸು. ಹಾಗೆ ಮಾಡಿದಾಗ ಒಟ್ಟು ಎತ್ತರ, ಅಕ್ಷರ ಕೂರುವ ಗೆರೆಯನ್ನು ಸೊನ್ನೆ ಎಂದುಕೊಂಡರೆ, ಗುಡಿಸಿನ ತುದಿಗೆ 720, ಒತ್ತಿನ ತಳಕ್ಕೆ ಮೈನಸ್ 330, ಹೀಗೆ 1050ರಲ್ಲಿ ಮುಗಿಯುತ್ತದೆ. 9 ಪಾಯಿಂಟಿನ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 14 ಪಾಯಿಂಟ್ ಕೊಟ್ಟರೆ ಉಸಿರಾಡಲು ಜಾಗ ಇರುತ್ತದೆ. ಇಂಗ್ಲಿಷಿನ ಲೆಕ್ಕದಲ್ಲಿ 9ಕ್ಕೆ 11 ಕೊಡುವ ಪುಟವಿನ್ಯಾಸದವರ ಜೊತೆ ಜಗಳ ಆಡಲೇಬೇಕು.

ಅಗಲದ ಸಮಸ್ಯೆಗೆ ಪರೀಕ್ಷೆಯ ಪದ ‘ಕೊಟ್ಟಿದ್ದಕ್ಕೆ’. ಒಂದರ ಹಿಂದೆ ಒಂದು ಮೂರು ಒತ್ತು. ಬಲಕ್ಕೆ ಚಾಚಿದ ಟ ಒತ್ತು ದ ಒತ್ತನ್ನು ತಳ್ಳಬಾರದು, ಹಾಗಂತ ಮೇಲಿನ ಅಕ್ಷರಗಳ ನಡುವೆ ಗಂಡಿ ಬೀಳಲೂಬಾರದು. ಎಲ್ಲ ಅಕ್ಷರಗಳ ಅಕ್ಕಪಕ್ಕದ ಬಿಳಿಯನ್ನು ದೊಡ್ಡ ಅಳತೆಯದಕ್ಕಿಂತ ಶೇಕಡಾ 10–15 ಹೆಚ್ಚಿಸಿ, ಆಮೇಲೂ ಡಿಕ್ಕಿ ಹೊಡೆಯುವ ಜೋಡಿಗಳಿಗೆ ಮಾತ್ರ ಕರ್ನಿಂಗ್ (ಆ ಜೋಡಿಯ ನಡುವಿನ ಅಂತರದ ತಿದ್ದುಪಡಿ) ಹಾಕಿ.

ಮೈಯಕ್ಷರಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇವೆ. ಪ, ಫ, ಷ ಒಂದೇ ಮೈ, ಒಂದೊಂದು ಗುರುತಿನ ವ್ಯತ್ಯಾಸ. ಷ ಒಳಗಿನ ಗೆರೆ ಗೋಡೆಗೆ ತಾಗದಿರಲಿ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ, ಅದು 100 ಯೂನಿಟ್‌ಗಿಂತ ಕಿರಿದಾಗದಿರಲಿ. ಮ ಮತ್ತು ವು: ಕೊಂಬಿನ ತಿರುವು ಬೇರೆಯಾಗಿ ಕಾಣಬೇಕು. ಅರ್ಕಾವತ್ತು ೯ ಅಂಕಿಯ ಹಾಗೆ ಕಾಣದಂತೆ ತುಸು ಕುಗ್ಗಿಸಿ. ಕನ್ನಡ ಅಂಕಿ ಬಳಸುವ ಪಂಚಾಂಗದವರಿಗೆ ೩, ೬, ೭ ದೊಡ್ಡ ತಲೆನೋವು. ೬ರ ಬಾಲವನ್ನು ಅಳುಕಿಲ್ಲದೆ ಹೊರಗೆ ಚಾಚಿ.

ಗೆರೆಗಳು ಕೂಡುವ ಮೂಲೆಗಳಲ್ಲಿ ಶಾಯಿ ತುಂಬುತ್ತದೆ. ತಲೆಕಟ್ಟು ಮೈಗೆ ಸೇರುವಲ್ಲಿ, ಯ ಮತ್ತು ಝ ಒಳಮೂಲೆಗಳಲ್ಲಿ ಇದು ಹೆಚ್ಚು. ಅಕ್ಷರ ವಿನ್ಯಾಸಕ ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಅಮೆರಿಕದ ಟೆಲಿಫೋನ್ ಡೈರೆಕ್ಟರಿಗೆ ಮಾಡಿದ ಫಾಂಟ್ ಬೆಲ್ ಸೆಂಟೆನಿಯಲ್‌ನಲ್ಲಿ ಇಂಥ ಮೂಲೆಗಳನ್ನು ಮೊದಲೇ ಕೊರೆದಿಟ್ಟರು. ಹರಡಿದ ಶಾಯಿ ಆ ಕೊರಕಲನ್ನು ತುಂಬಿ ಮೂಲೆ ಸರಿಯಾಗುತ್ತಿತ್ತು. ನಮಗೂ 20–25 ಯೂನಿಟ್ ಕೊರಕಲು ಸಾಕು. ಕಾರವಾರದಿಂದ ಭಟ್ಕಳದವರೆಗೆ ಮಳೆಗಾಲದಲ್ಲಿ ಕಾಗದ ತೇವ ಹೀರಿಕೊಂಡಿರುತ್ತದೆ, ನ್ಯೂಸ್‌ಪ್ರಿಂಟ್ ಅಂತೂ ಮೊದಲೇ ಶಾಯಿ ಕುಡಿಯುವ ಜಾತಿ. ಏಪ್ರಿಲ್‌ನಲ್ಲಿ ಪ್ರೂಫ್ ತೆಗೆದು ಒಪ್ಪಬೇಡಿ, ಆಷಾಢದಲ್ಲಿ ಇನ್ನೊಮ್ಮೆ ತೆಗೆಯಿರಿ.

ಅಚ್ಚುಮೊಳೆಯ ಕಾಲದಲ್ಲಿ ಒಂದೊಂದು ಅಳತೆಗೂ ಬೇರೆ ಬೇರೆ ಮೊಳೆ ಬೇಕಿತ್ತು, ಹಾಗಾಗಿ ಸಣ್ಣದನ್ನು ಸಣ್ಣದಾಗಿಯೇ ಕೆತ್ತುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಒಂದೇ ಚಿತ್ರ ಎಲ್ಲ ಅಳತೆಗೂ. 2016ರಲ್ಲಿ ಬಂದ ವೇರಿಯೇಬಲ್ ಫಾಂಟ್‌ನಲ್ಲಿ ಆಪ್ಟಿಕಲ್ ಸೈಜ್ ಎಂಬ, ಅಳತೆಗೆ ತಕ್ಕಂತೆ ಚಿತ್ರ ಬದಲಿಸುವ ಅಕ್ಷ ಇದೆ; 8 ಪಾಯಿಂಟಿಗೆ ಒಂದು, 24ಕ್ಕೆ ಒಂದು ಚಿತ್ರ ಬರೆದರೆ ನಡುವಿನದನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಎರಡೂ ಚಿತ್ರಗಳಲ್ಲಿ ಗೆರೆಯನ್ನು ಹಿಡಿದಿಡುವ ಬಿಂದುಗಳ ಸಂಖ್ಯೆ, ಕ್ರಮ ಒಂದೇ ಇರಬೇಕು, ಇಲ್ಲದಿದ್ದರೆ ಬೆಸೆಯುವುದಿಲ್ಲ. ಣ ಒತ್ತಿನ ಸುಳಿಯನ್ನು ಇಳಿಸುವಾಗ ಬಿಂದು ಅಳಿಸಬೇಡಿ, ಮಡಚಿಡಿ.

ಕೊನೆಯಲ್ಲಿ ಕೈಕೊಡುವುದು ಒಂದು ಸಂಖ್ಯೆ. ವಿಂಡೋಸ್‌ಗಾಗಿ ಫಾಂಟ್‌ನಲ್ಲಿ ಬರೆಯುವ ಕೆಳಮಿತಿ, ಅಂದರೆ ವಿನ್‌ಡಿಸೆಂಟ್, ಒತ್ತಿನ ತಳಕ್ಕಿಂತ ಕಡಿಮೆ ಇದ್ದರೆ ಕೆಲವು ತಂತ್ರಾಂಶಗಳಲ್ಲಿ ಒತ್ತಿನ ಕಾಲು ಕತ್ತರಿಸಿ ಹೋಗುತ್ತದೆ. 330 ಆಳ ಇದ್ದರೆ 350 ಬರೆಯಿರಿ.

ಈಗ ನಿಮ್ಮ ಕೈಯಲ್ಲಿರುವ ಹಾಳೆ. ಅಡಿಕೆಯ ಕೊಳೆ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವ ಕ್ರಮ ಎರಡು ಫಾಂಟ್‌ಗಳಲ್ಲಿ, 9 ಪಾಯಿಂಟಿನಲ್ಲಿ ಇದೆ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಇದು ಇಲ್ಲಿ ಎಲ್ಲರಿಗೂ ಬಾಯಿಪಾಠ, ಆದ್ದರಿಂದ ಪರೀಕ್ಷೆಗೆ ಪ್ರಯೋಜನವಿಲ್ಲ. ಗೊತ್ತಿರುವ ವಾಕ್ಯವನ್ನು ಕಣ್ಣು ಓದುವುದಿಲ್ಲ, ಊಹಿಸುತ್ತದೆ. ಪರೀಕ್ಷೆ ಇರುವುದು ಅದರ ಕೆಳಗೆ, ಅರ್ಥದ ಆಸರೆ ಇಲ್ಲದ ಬಿಡಿ ಪದಗಳ ಪಟ್ಟಿಯಲ್ಲಿ. ಎರಡು ಸಲ ಜೆರಾಕ್ಸ್ ಮಾಡಿ ತಂದ ಹಾಳೆ ಅದು. ಸಭಾಂಗಣದ ಅರ್ಧ ದೀಪ ಆರಿಸುತ್ತೇವೆ. ಹಾಳೆಯನ್ನು ಒಂದು ಮೊಳ ದೂರದಲ್ಲಿ ಹಿಡಿದು, ಪಕ್ಕದವರಿಗೆ ಕೇಳುವಂತೆ ಗಟ್ಟಿಯಾಗಿ ಓದಿ. ಅವರು ಬರೆದುಕೊಳ್ಳಲಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಗೊಂದು ಗುರುತು ಹಾಕಿ ಕೊಡಿ, ಹೋಗುವಾಗ ಬಾಗಿಲ ಹತ್ತಿರ ತೆಗೆದುಕೊಳ್ಳುತ್ತೇವೆ.