ಮೇಜಿನ ಹಲಗೆ ಸೀಳುವುದೇಕೆ?

ಕೇಳುಗರೇ, ಅಪ್ಪಟ ಮರದ ಊಟದ ಮೇಜು ಒಂದೆರಡು ವರ್ಷದಲ್ಲೇ ನಡುವೆ ಸೀಳು ಬಿಟ್ಟರೆ ಕೆಲವರು ಮರವನ್ನು ಬೈಯುತ್ತಾರೆ, ಕೆಲವರು ಅಂಟನ್ನು ಬೈಯುತ್ತಾರೆ. ಬಹಳ ಸಲ ಎರಡರದ್ದೂ ತಪ್ಪಿರುವುದಿಲ್ಲ. ಮೇಲಿನ ಹಲಗೆ ಅತ್ತಿತ್ತ ಸರಿಯದಂತೆ ಕೆಳಗಿನ ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ, ಅಷ್ಟೇ. ಮರ ಸರಿಯಲೇಬೇಕು. ಜಾಗ ಸಿಗದಿದ್ದರೆ ಸೀಳಿಕೊಂಡು ಜಾಗ ಮಾಡಿಕೊಳ್ಳುತ್ತದೆ.

ಎಷ್ಟು ಸರಿಯುತ್ತದೆ? ಮರದ ಎಳೆಯ, ಅಂದರೆ ನಾರಿನ, ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು. ಅಡ್ಡಕ್ಕೆ ಮಾತ್ರ ಚೆನ್ನಾಗಿಯೇ ಸರಿಯುತ್ತದೆ. ತೇಗದಂಥ ಸ್ಥಿರವಾದ ಮರವನ್ನೇ ತೆಗೆದುಕೊಳ್ಳಿ. ಮಾಮೂಲಿಯಾಗಿ ಸೀಳಿದ ಹಲಗೆಯಲ್ಲಿ ತೇವಾಂಶ ಶೇಕಡಾ 1 ಇಳಿದರೆ ಅಗಲ ಸುಮಾರು ಶೇಕಡಾ 0.18 ಕುಗ್ಗುತ್ತದೆ. 900 ಮಿಲಿಮೀಟರ್ ಅಗಲದ ಮೇಜು ಮಳೆಗಾಲದಲ್ಲಿ ಶೇಕಡಾ 14 ತೇವದಲ್ಲಿದ್ದು, ಬೇಸಿಗೆಗೆ 10ಕ್ಕೆ ಇಳಿಯಿತು ಅನ್ನಿ. ಆಗ ಅದರ ಅಗಲ 6 ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಗುತ್ತದೆ. ಪಾಲಿಶ್ ಹಚ್ಚಿದರೆ ಈ ಏರಿಳಿತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಹಾಗಾಗಿ ಮೊದಲ ಕೆಲಸ ಒಣಗಿದ ಮರ ಹುಡುಕುವುದು. ಮನೆಯೊಳಗಿನ ಪೀಠೋಪಕರಣಕ್ಕೆ ಶೇಕಡಾ 8ರಿಂದ 12ರ ತೇವ ಸರಿ. ತೇವದ ಮೀಟರ್ ಇಲ್ಲದಿದ್ದರೆ ಹಲಗೆಯ ತುದಿಯಿಂದ ಒಂದು ಗೇಣು ಒಳಗೆ ಸಣ್ಣ ತುಂಡು ಕತ್ತರಿಸಿ ತೂಗಿ. ತೀರಾ ತುದಿಯ ತುಂಡು ಬೇಡ, ಅದು ಉಳಿದ ಹಲಗೆಗಿಂತ ಬೇಗ ಒಣಗಿರುತ್ತದೆ. ತುಂಡನ್ನು 103 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಮೊದಲು 112 ಗ್ರಾಂ ಇದ್ದದ್ದು ಕೊನೆಗೆ 100 ಗ್ರಾಂ ಆದರೆ ತೇವ ಶೇಕಡಾ 12. ಕೊಂಡು ತಂದ ಹಲಗೆಗಳ ನಡುವೆ ರೀಪಿನ ತುಂಡುಗಳನ್ನಿಟ್ಟು ಗಾಳಿಯಾಡುವಂತೆ ಜೋಡಿಸಿ, ಮೇಜು ಇರಬೇಕಾದ ಕೋಣೆಯಲ್ಲೇ ಎರಡು ಮೂರು ವಾರ ಬಿಡಿ. ಈ ಕಾಯುವಿಕೆಯನ್ನು ತಪ್ಪಿಸಲು ಅಡ್ಡದಾರಿ ಇಲ್ಲ.

ಮೇಲ್ಹಲಗೆಗೆ 100ರಿಂದ 125 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಅಂಟಿಸಿ ಜೋಡಿಸುವುದು ಒಳ್ಳೆಯದು. ಹಲಗೆಯ ತುದಿಯಲ್ಲಿ ಕಾಣುವ ಉಂಗುರದ ಗೆರೆಗಳನ್ನು ನೋಡಿ. ಒಣಗುವಾಗ ಆ ಕಮಾನು ನೇರವಾಗಲು ನೋಡುತ್ತದೆ, ಅಂದರೆ ತೊಗಟೆಯ ಕಡೆಯ ಮುಖ ತಗ್ಗಾಗುತ್ತದೆ. ಇದಕ್ಕಾಗಿ ಪಟ್ಟಿಗಳನ್ನು ಒಂದು ಮೇಲೆ ಒಂದು ಕೆಳಗೆ ಎಂದು ತಿರುಗಿಸಿ ಜೋಡಿಸಬೇಕೆಂಬ ಮಾತಿದೆ. ಮರ ಚೆನ್ನಾಗಿ ಒಣಗಿದ್ದರೆ ಇದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಚೆಂದದ ಮುಖವನ್ನೇ ಮೇಲಿಡಿ. ಎಲ್ಲ ಪಟ್ಟಿಗಳ ಎಳೆಯೂ ಒಂದೇ ದಿಕ್ಕಿಗೆ ಓಡುವಂತೆ ಇಡುವುದು ಹೆಚ್ಚು ಮುಖ್ಯ. ಇಲ್ಲದಿದ್ದರೆ ಮರವನ್ನು ತೆಳ್ಳಗೆ ಕೆರೆದು ನುಣುಪು ಮಾಡುವ ಹತ್ತರಿಯನ್ನು ಹೊಡೆಯುವಾಗ ಒಂದು ಪಟ್ಟಿ ನುಣುಪಾದರೆ ಪಕ್ಕದ್ದು ಕಿತ್ತುಬರುತ್ತದೆ. ಪೆನ್ಸಿಲ್‌ನಲ್ಲಿ ಬಾಣದ ಗುರುತು ಹಾಕಿಕೊಳ್ಳಿ.

ಅಂಟಿಸುವ ಎರಡು ಅಂಚುಗಳನ್ನು ಪುಸ್ತಕ ಮಡಚಿದ ಹಾಗೆ ಬೆನ್ನಿಗೆ ಬೆನ್ನು ಸೇರಿಸಿ, ಒಟ್ಟಿಗೇ ಹತ್ತರಿ ಹೊಡೆಯಿರಿ. ಕೈ ಕೊಂಚ ಓರೆಯಾದರೂ ಬಿಡಿಸಿ ಜೋಡಿಸಿದಾಗ ಒಂದರ ಓರೆಯನ್ನು ಇನ್ನೊಂದು ಸರಿಮಾಡುತ್ತದೆ. ಉದ್ದದ ನಡುಭಾಗದಲ್ಲಿ ಕಾಗದದ ದಪ್ಪದಷ್ಟು ತಗ್ಗು ಇರಲಿ. ಹಲಗೆ ತುದಿಯಿಂದ ಬೇಗ ಒಣಗಿ ಕುಗ್ಗುವುದರಿಂದ ಜೋಡಣೆ ಬಿಡುವುದೂ ತುದಿಯಲ್ಲೇ. ನಡುವಿನ ತಗ್ಗನ್ನು ಕ್ಲ್ಯಾಂಪ್ ಒತ್ತಿ ಮುಚ್ಚಿದಾಗ ತುದಿಗಳ ಮೇಲೆ ಹೆಚ್ಚಿನ ಒತ್ತಡ ಉಳಿಯುತ್ತದೆ.

ಮರಗೆಲಸದ ಬಿಳಿ ಅಂಟು ಸಾಕು. 200ರಿಂದ 250 ಮಿಲಿಮೀಟರ್‌ಗೊಂದು ಕ್ಲ್ಯಾಂಪ್, ಒಂದು ಹಲಗೆಯ ಮೇಲ್ಗಡೆಯಿಂದ, ಮುಂದಿನದು ಕೆಳಗಡೆಯಿಂದ. ಎಲ್ಲವನ್ನೂ ಒಂದೇ ಕಡೆ ಹಾಕಿದರೆ ಹಲಗೆ ಬಿಲ್ಲಾಗುತ್ತದೆ. ಜೋಡಿನುದ್ದಕ್ಕೂ ಅಂಟು ಸಣ್ಣ ಹನಿಗಳಾಗಿ ಹೊರಬಂದರೆ ಒತ್ತಡ ಸರಿಯಿದೆ. ಒಂದು ಕಡೆ ಹನಿಯೇ ಕಾಣದಿದ್ದರೆ ಅಲ್ಲಿ ಅಂಟು ಸಾಲದಾಗಿದೆ. ಮರುದಿನವೇ ಹತ್ತರಿ ಹೊಡೆಯುವ ಆತುರ ಬೇಡ. ಅಂಟಿನ ನೀರು ಕುಡಿದು ಜೋಡಿನ ಅಕ್ಕಪಕ್ಕ ಮರ ಉಬ್ಬಿರುತ್ತದೆ. ಆಗಲೇ ಮಟ್ಟ ಮಾಡಿದರೆ, ಆ ನೀರು ಆರಿದ ಮೇಲೆ ಪ್ರತಿ ಜೋಡಿನಲ್ಲೂ ಸಣ್ಣ ಗುಳಿ ಬೀಳುತ್ತದೆ, ಪಾಲಿಶ್ ಹಚ್ಚಿದ ಮೇಲೆ ಅದು ಇನ್ನೂ ಎದ್ದು ಕಾಣುತ್ತದೆ. ಮೂರು ನಾಲ್ಕು ದಿನ ಬಿಡಿ.

ಕಾಲುಗಳನ್ನು ಜೋಡಿಸುವ ಚೌಕಟ್ಟಿನ ಅಡ್ಡಪಟ್ಟಿ 22 ಮಿಲಿಮೀಟರ್ ದಪ್ಪವಿದ್ದರೆ ಅದರ ತುದಿಯಲ್ಲಿ ಕಾಲಿನ ತೂತಿಗೆ ತೂರುವ ನಾಲಿಗೆ 8 ಮಿಲಿಮೀಟರ್ ದಪ್ಪ ಇರಲಿ, ಅಂದರೆ ಸುಮಾರು ಮೂರನೇ ಒಂದು ಪಾಲು. ಕಾಲಿನಲ್ಲಿ ತೂತನ್ನು ಮೊದಲು ಹೊಡೆಯಿರಿ. ತೂತಿನ ಅಗಲ ಉಳಿಯ ಅಗಲದಿಂದಲೇ ತೀರ್ಮಾನವಾಗುತ್ತದೆ, ನಾಲಿಗೆಯನ್ನಾದರೆ ಕೆತ್ತಿ ಹೊಂದಿಸಬಹುದು. ತೂತು ನಾಲಿಗೆಗಿಂತ 2 ಮಿಲಿಮೀಟರ್ ಆಳ ಇರಬೇಕು. ಇಲ್ಲದಿದ್ದರೆ ತಳದಲ್ಲಿ ಸಿಕ್ಕಿಕೊಂಡ ಅಂಟು ನಾಲಿಗೆಯನ್ನು ಪೂರ್ತಿ ಕೂರಲು ಬಿಡುವುದಿಲ್ಲ. ಕೈಯಿಂದ ಒತ್ತಿದರೆ ಒಳಹೋಗಬೇಕು, ತಾನಾಗಿ ಜಾರಿ ಬೀಳಬಾರದು. ಸುತ್ತಿಗೆಯೇ ಬೇಕಾದರೆ ಕಾಲು ಸೀಳುವ ಅಪಾಯವಿದೆ. ಚೌಕಟ್ಟನ್ನು ಕ್ಲ್ಯಾಂಪ್‌ಗೆ ಸಿಕ್ಕಿಸಿದ ಕೂಡಲೇ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ ಸಮವಿದ್ದರೆ ಮೂಲೆಗಳು ಸರಿಯಾಗಿವೆ.

ಇನ್ನು ಹಲಗೆಯನ್ನು ಚೌಕಟ್ಟಿಗೆ ಹಿಡಿಸುವ ವಿಧಾನ. ಅಡ್ಡಪಟ್ಟಿಯ ಒಳಮೈಯಲ್ಲಿ, ಮೇಲಂಚಿನಿಂದ 12 ಮಿಲಿಮೀಟರ್ ಕೆಳಗೆ, 8 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಆಳದ ಗಾಡಿ, ಅಂದರೆ ಕಾಲುವೆಯಂಥ ಉದ್ದ ತಗ್ಗು, ತೆಗೆಯಿರಿ. ಆ ಗಾಡಿಯೊಳಗೆ ಮೂಗು ತೂರಿಸುವ, ಎಲ್ ಆಕಾರದ ಸಣ್ಣ ಮರದ ತುಂಡುಗಳನ್ನು ಮಾಡಿಕೊಳ್ಳಿ. ಮೂಗಿನ ದಪ್ಪ 7, ಉದ್ದ 10 ಮಿಲಿಮೀಟರ್. ಮೂಗಿನ ಮೇಲಿನ ಮೆಟ್ಟಿಲು 11 ಮಿಲಿಮೀಟರ್ ಮಾತ್ರ ಇರಲಿ. ಆ 1 ಮಿಲಿಮೀಟರ್ ಸಂದಿ ಇದ್ದರೇ, ತುಂಡಿನ ಮೂಲಕ ಹಲಗೆಯ ಅಡಿಗೆ ಹಾಕಿದ ಸ್ಕ್ರೂ ತಿರುಗಿಸಿದಾಗ ಹಲಗೆ ಚೌಕಟ್ಟಿನ ಮೇಲೆ ಬಿಗಿಯಾಗಿ ಕೂರುತ್ತದೆ. 300ರಿಂದ 400 ಮಿಲಿಮೀಟರ್‌ಗೊಂದು ತುಂಡು ಸಾಕು.

ಉದ್ದದ ಬದಿಗಳಲ್ಲಿ ತುಂಡಿನ ಭುಜಕ್ಕೂ ಅಡ್ಡಪಟ್ಟಿಗೂ ನಡುವೆ 4 ಮಿಲಿಮೀಟರ್ ಜಾಗ ಬಿಡಿ. ಹಲಗೆ ಹಿಗ್ಗಿ ಕುಗ್ಗುವಾಗ ಮೂಗು ಗಾಡಿಯೊಳಗೆ ಹೋಗಿ ಬರುತ್ತದೆ. ಗಿಡ್ಡ ಬದಿಗಳಲ್ಲಿ ತುಂಡು ಪಟ್ಟಿಯುದ್ದಕ್ಕೆ ಸರಿಯುವುದರಿಂದ ಅಲ್ಲಿ ಗಾಡಿ ತುಂಡಿಗಿಂತ ಉದ್ದ ಇರಬೇಕು. ಎರಡು ಗಿಡ್ಡ ಬದಿಗಳ ನಟ್ಟನಡುವೆ ಮಾತ್ರ ಒಂದೊಂದು ಸ್ಕ್ರೂ ಹಾಕಿ ಗಟ್ಟಿಯಾಗಿ ಬಿಗಿಯಿರಿ. ಆಗ ಆ 6 ಮಿಲಿಮೀಟರ್ ಎರಡೂ ಕಡೆಗೆ ಸಮನಾಗಿ ಹಂಚಿಹೋಗುತ್ತದೆ. ಹಲಗೆ 22 ಮಿಲಿಮೀಟರ್ ದಪ್ಪವಿದ್ದು, ತುಂಡು 18 ಇದ್ದರೆ 30 ಮಿಲಿಮೀಟರ್ ಸ್ಕ್ರೂ ಸರಿಹೊಂದುತ್ತದೆ. ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತಿಸಿಕೊಳ್ಳಿ, ಮೇಜಿನ ಮೇಲೆ ತೂತು ಬಿದ್ದರೆ ಮುಚ್ಚಿಡಲಾಗದು.

ಪಾಲಿಶ್ ಯಾವುದಾದರೂ ಆಗಲಿ, ಹಲಗೆಯ ಅಡಿಭಾಗಕ್ಕೂ ಮೇಲಿನಷ್ಟೇ ಸಲ ಹಚ್ಚಿ. ಕಣ್ಣಿಗೆ ಕಾಣದ್ದಕ್ಕೆ ಯಾಕೆ ಎಂದು ಬಿಟ್ಟರೆ, ಅಡಿಯಿಂದ ಬೇಗ, ಮೇಲಿಂದ ನಿಧಾನವಾಗಿ ತೇವ ಓಡಾಡಿ ಹಲಗೆ ಡೊಂಕಾಗುತ್ತದೆ. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯೊಂದಿಗೆ ಸೇರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿ ಬೆಂಕಿ ಹತ್ತಬಲ್ಲದು. ಬಟ್ಟೆಯನ್ನು ಬಯಲಲ್ಲಿ ಒಂದೇ ಪದರವಾಗಿ ಹರವಿ, ಒಣಗಿ ಬಿರುಸಾದ ಮೇಲೆ ಎಸೆಯಿರಿ. ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ನಮಸ್ಕಾರ.