ಪೇಜ್ ‘ಬೇಗ’ ತೆರೆಯಬೇಕು ಅಂದರೆ ಎಷ್ಟು ಸೆಕೆಂಡ್?

ನಮಸ್ಕಾರ. ಪ್ಲಾನಿಂಗ್ ಮೀಟಿಂಗ್‌ನಲ್ಲಿ ಈ ಮಾತು ನೀವೂ ಕೇಳಿರುತ್ತೀರಿ: "ಈ ಸಲ ಕ್ವಾಲಿಟಿ ಚೆನ್ನಾಗಿರಬೇಕು, ಪೇಜ್ ಬೇಗ ತೆರೆಯಬೇಕು." ಎಲ್ಲರೂ ಹೂಂ ಅನ್ನುತ್ತಾರೆ. ರಿಲೀಸ್ ಹೊತ್ತಿಗೆ ಡೆವಲಪರ್ ‘ಬೇಗಾನೇ ಇದೆ’ ಅನ್ನುತ್ತಾರೆ, ಟೆಸ್ಟರ್ ‘ಇಲ್ಲ’ ಅನ್ನುತ್ತಾರೆ. ಇಬ್ಬರದೂ ತಪ್ಪಲ್ಲ. ಬೇಗ ಅಂದರೆ ಎಷ್ಟು ಅಂತ ಯಾರೂ ಬರೆದೇ ಇರಲಿಲ್ಲ.

ಸರಿ, ಬರೆಯೋಣ. "ಪೇಮೆಂಟ್ ಪೇಜ್ ಸರಾಸರಿ 1 ಸೆಕೆಂಡ್ ಒಳಗೆ ತೆರೆಯಬೇಕು." ಸಂಖ್ಯೆ ಬಂತು, ಅಲ್ವಾ? ಈಗ ಇದನ್ನು ನೋಡಿ.

[ಸ್ಕ್ರೀನ್ ಮೇಲೆ: 100 ಚುಕ್ಕೆ. 95 ಹಸಿರು, 5 ಕೆಂಪು]

95 ಜನರಿಗೆ ಪೇಜ್ 0.2 ಸೆಕೆಂಡಿಗೆ ತೆರೆಯಿತು. ಉಳಿದ 5 ಜನರಿಗೆ 10 ಸೆಕೆಂಡ್ ಹಿಡಿಯಿತು. ಸರಾಸರಿ 0.69 ಸೆಕೆಂಡ್. ಲೆಕ್ಕದಲ್ಲಿ ನೀವು ಪಾಸ್! ಆದರೆ ಆ ಐದು ಜನ ದುಡ್ಡು ಹೋಯಿತೋ ಇಲ್ಲವೋ ಗೊತ್ತಾಗದೆ ಮತ್ತೆ ಬಟನ್ ಒತ್ತುತ್ತಿದ್ದಾರೆ.

ಅದಕ್ಕೇ ಗುರಿಯನ್ನು ಹೀಗೆ ಬರೆಯಿರಿ: "30 ದಿನದಲ್ಲಿ, 100ಕ್ಕೆ 99 ಸಲ, ಬಳಸುವವರ ಫೋನಿನಲ್ಲಿ ಪೇಜ್ 1 ಸೆಕೆಂಡ್ ಒಳಗೆ ತೆರೆಯಬೇಕು." ಫೋನಿನಲ್ಲಿ ಅನ್ನುವುದನ್ನು ಬಿಡಬೇಡಿ. ಬರೀ ಸರ್ವರ್ ಲಾಗ್, ಅಂದರೆ ನಮ್ಮ ಸರ್ವರ್ ಬರೆದಿಡುವ ದಾಖಲೆ, ನೋಡಿದರೆ ನೆಟ್‌ವರ್ಕ್ ಸರಿಯಿಲ್ಲದ ಕಡೆ ಕಾಯುತ್ತಾ ಕೂತವರು ಕಾಣುವುದೇ ಇಲ್ಲ.

ಸೈಟ್ ಡೌನ್ ಆಗುವುದಕ್ಕೂ ಹೀಗೇ ಗುರಿ ಬೇಕು. 99.9% ಹೊತ್ತು ಸೈಟ್ ನಡೆಯುತ್ತಿರಬೇಕು ಅಂದರೆ 30 ದಿನಕ್ಕೆ ಸುಮಾರು 43 ನಿಮಿಷ ಡೌನ್ ಇರಬಹುದು. 99.99% ಅಂದರೆ ಬರೀ 4 ನಿಮಿಷ ಚಿಲ್ಲರೆ. ರಾತ್ರಿ ಅಲರ್ಟ್ ಬಂದು, ಎದ್ದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಸುಮ್ನೆ ಇನ್ನೊಂದು 9 ಸೇರಿಸಬೇಡಿ.

ಗೂಗಲ್‌ನಲ್ಲಿ ಸೈಟ್‌ಗಳು ನಿಲ್ಲದಂತೆ ನೋಡಿಕೊಳ್ಳುವ ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್) ತಂಡಗಳು ಈ 43 ನಿಮಿಷದಂಥದ್ದನ್ನು ‘ಎರರ್ ಬಜೆಟ್’ ಅನ್ನುತ್ತವೆ. ಅದು ಖಾಲಿಯಾದರೆ ಹೊಸ ಫೀಚರ್ ರಿಲೀಸ್ ನಿಲ್ಲಿಸಿ, ಮೊದಲು ಸಿಸ್ಟಮ್ ಗಟ್ಟಿ ಮಾಡಬೇಕು. ನನಗೆ ಇದು ತುಂಬಾ ಇಷ್ಟ. ಗುರಿ ತಪ್ಪಿದರೆ ಏನು ಮಾಡಬೇಕು ಅನ್ನುವುದು ಜಗಳಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ.

ಒಂದು ಎಚ್ಚರಿಕೆ. ನಾನಿದ್ದ ಟೀಮ್ ಒಂದರಲ್ಲಿ ‘ಟೆಸ್ಟ್ ಕವರೇಜ್ 80%’ ಅಂತ ಗುರಿ ಇತ್ತು. ಅಂದರೆ ಟೆಸ್ಟ್‌ಗಳು ಓಡಿದಾಗ ನಮ್ಮ ಕೋಡ್‌ನ 80% ಭಾಗವಾದರೂ ಓಡಬೇಕು. ಮುಟ್ಟಿದೆವು. ಆಮೇಲೆ ಟೆಸ್ಟ್‌ಗಳನ್ನು ತೆರೆದು ನೋಡಿದರೆ, ಎಷ್ಟೋ ಕಡೆ ಅಸರ್ಟ್, ಅಂದರೆ ಉತ್ತರವನ್ನು ತಾಳೆ ನೋಡುವ ಸಾಲು, ಇರಲೇ ಇಲ್ಲ. ಕೋಡ್ ಓಡುತ್ತಿತ್ತು, ಉತ್ತರ ಸರಿಯೇ ಅಂತ ಯಾರೂ ನೋಡುತ್ತಿರಲಿಲ್ಲ. ಈಗ ನಾನು ಕವರೇಜ್ ಪಕ್ಕದಲ್ಲೇ ಇನ್ನೊಂದನ್ನು ಎಣಿಸುತ್ತೇನೆ: ಪ್ರತಿ ರಿಲೀಸ್‌ನಲ್ಲಿ ನಮ್ಮ ಕಣ್ಣು ತಪ್ಪಿಸಿ ಗ್ರಾಹಕರ ಕೈಗೆ ಸಿಕ್ಕ ಬಗ್ ಎಷ್ಟು?

ನೀವು ಶುರು ಮಾಡುವುದಾದರೆ, ಈ ವಾರ ಗುರಿ ಬರೆಯಬೇಡಿ. ಒಂದೇ ಒಂದು ಪೇಜ್ ತಗೊಂಡು, ಈಗ ಎಷ್ಟಿದೆ ಅಂತ ಅಳೆಯಿರಿ. ಬಂದ ಸಂಖ್ಯೆಯನ್ನು ಕಾಮೆಂಟ್‌ನಲ್ಲಿ ಹಾಕಿ. ಅದಕ್ಕೆ ತಕ್ಕ ಗುರಿಯನ್ನು ಮುಂದಿನ ವಿಡಿಯೋದಲ್ಲಿ ಸೇರಿ ಬರೆಯೋಣ.