ಟೀಚರೇ, ಇದು ನಿಮ್ಮ ಅಕ್ಷರ ಅಲ್ವಾ?

ಕೇಳುಗರಿಗೆ ನಮಸ್ಕಾರ.

ಕಳೆದ ಕಕ್ಕಡ ತಿಂಗಳ ಮಳೆಯಲ್ಲಿ ಒಂದು ಸಂಜೆ ನನ್ನ ಹಳೇ ವಿದ್ಯಾರ್ಥಿ ಮನೆಗೆ ಬಂದ. ಕೊಡಗಿನ ಸುಂಟಿಕೊಪ್ಪ ಕಡೆ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ವಯಸ್ಸು 38. ಕೊಡೆಯನ್ನು ಜಗಲಿಯಲ್ಲಿಟ್ಟು, ಪ್ಲಾಸ್ಟಿಕ್ ಕವರಿನಿಂದ ನಾಲ್ಕನೇ ಕ್ಲಾಸಿನ ಪ್ರಗತಿ ಪತ್ರ ತೆಗೆದ. ಅಂಚಿಗೆಲ್ಲ ಬೂಷ್ಟು ಹಿಡಿದಿತ್ತು.

"ಟೀಚರೇ, ಇದು ನಿಮ್ಮ ಅಕ್ಷರ ಅಲ್ವಾ? ಚಿಕ್ಕಂದಿನಲ್ಲಿ ಹೇಗಿದ್ದೆ ಅಂತ ಕೇಳಿಕೊಂಡು ಬಾ ಅಂದಿದ್ದಾರೆ ಡಾಕ್ಟ್ರು."

ನನ್ನದೇ ಅಕ್ಷರ. 'ಬುದ್ಧಿ ಇದೆ, ಗಮನ ಇಲ್ಲ. ಸೋಮಾರಿ.'

ಕೊಯ್ಲಿನ ದಿನಗಳಲ್ಲಿ ಹಣ್ಣು ತೂಗಿ ಬರೆಯುವಾಗ ಒಬ್ಬರ ಕಿಲೋ ಇನ್ನೊಬ್ಬರ ಹೆಸರಿನ ಮುಂದೆ ಹೋಗುತ್ತಿತ್ತಂತೆ. ಆಳುಗಳ ಲೆಕ್ಕದ ಪುಸ್ತಕ ಚೆಕ್‌ರೋಲ್ ಅರ್ಧಕ್ಕೆ ಬಿಟ್ಟು ಪಂಪ್‌ಸೆಟ್ ನೋಡಲು ಹೋದವನಿಗೆ ಚೆಕ್‌ರೋಲೇ ಮರೆತುಹೋಗುತ್ತಿತ್ತು. ವ್ಯತ್ಯಾಸದ ದುಡ್ಡನ್ನು ಎಷ್ಟೋ ಸಲ ಕೈಯಿಂದ ಕಟ್ಟಿದ್ದಾನೆ.

ಡಾಕ್ಟರಿಗೆ ಅನುಮಾನ ಬಂದದ್ದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ, ದುಡುಕುವ ತೊಂದರೆಯ ಬಗ್ಗೆ. ಅದು ಕ್ಲಾಸಿನಲ್ಲಿ ಕುಣಿದಾಡುವ ಮಕ್ಕಳ ತೊಂದರೆ ಎಂದೇ ಬಹಳ ಜನ ತಿಳಿದಿದ್ದಾರೆ. ದೊಡ್ಡವರಲ್ಲಿ ಆ ಕುಣಿತ ಹೊರಗೆ ಅಷ್ಟಾಗಿ ಕಾಣುವುದಿಲ್ಲ, ಒಳಗೆ ಚಡಪಡಿಕೆಯಾಗಿ ಉಳಿದಿರುತ್ತದೆ. ಇದನ್ನು ಖಚಿತಪಡಿಸಲು ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಂಗ್ ಇಲ್ಲ. ಮನೋವೈದ್ಯರು ಕೂರಿಸಿಕೊಂಡು ಕೇಳಿ ಕೇಳಿಯೇ ತಿಳಿಯಬೇಕು. 2013ರಿಂದ ಬಳಕೆಯಲ್ಲಿರುವ ಅಮೆರಿಕದ ಮಾನದಂಡದಂತೆ, 17 ತುಂಬಿದವರಲ್ಲಿ ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಕನಿಷ್ಠ 5, ಇಲ್ಲವೇ ಚಡಪಡಿಕೆ, ದುಡುಕಿಗೆ ಸಂಬಂಧಿಸಿದ 9ರಲ್ಲಿ 5 ಇರಬೇಕು. ಮನೆ, ಕೆಲಸ ಹೀಗೆ ಎರಡು ಕಡೆಯಾದರೂ ಕಾಣಬೇಕು. ಮುಖ್ಯವಾಗಿ, ಕೆಲವಾದರೂ 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ನಲವತ್ತರಲ್ಲಿ ಹೊಸದಾಗಿ ಶುರುವಾದ ಮರೆವಿಗೆ ಥೈರಾಯ್ಡ್, ನಿದ್ದೆಗೇಡು, ಖಿನ್ನತೆ, ಕುಡಿತ ಹೀಗೆ ಬೇರೆ ಕಾರಣಗಳಿರಬಹುದು. ಅದಕ್ಕೇ ಆ ಬೂಷ್ಟು ಹಿಡಿದ ಕಾಗದಕ್ಕೆ ಅಷ್ಟು ಬೆಲೆ.

ನೆನಪು ಮಾಡಿಕೊಂಡೆ. ಕಥೆ ಕೇಳಿದರೆ ಪೂರ್ತಿ ಒಪ್ಪಿಸುತ್ತಿದ್ದ. ಅದೇ ಪಾಠ ಓದು ಎಂದರೆ ಒತ್ತಕ್ಷರ ನುಂಗುತ್ತಿದ್ದ, ಸಾಲು ತಪ್ಪುತ್ತಿದ್ದ. ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಎಡಿಎಚ್‌ಡಿ ಇದ್ದವರಲ್ಲಿ ಕಲಿಕೆಯ ತೊಂದರೆಯೂ ಜೊತೆಗಿರುವುದು ಅಪರೂಪವಲ್ಲ, ಇವನಿಗೆ ಎರಡೂ ಇದೆ ಎಂದು ಆಮೇಲೆ ಗೊತ್ತಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ನಮ್ಮ ಟೀಚರ್ ಟ್ರೈನಿಂಗಿನಲ್ಲಿ ಆ ಮಾತೇ ಬಂದಿರಲಿಲ್ಲ. ಅವನ ಕೈ ಹಿಡಿದು, "ತಪ್ಪಾಯ್ತಪ್ಪ" ಅಂದೆ. ಅವನು ಅತ್ತುಬಿಟ್ಟ.

ಗಮನಕ್ಕೆ ಮಾತ್ರೆಗಳಿವೆ, ಡಾಕ್ಟರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಓದಿನ ತೊಂದರೆಗೆ ಮಾತ್ರೆಯಿಲ್ಲ, ರೂಢಿ ಬದಲಿಸಿಕೊಳ್ಳಬೇಕು. ಈಗ ಅವನು ಚೆಕ್‌ರೋಲಿನ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಬರೆಯುತ್ತಾನೆ. ತೂಗುವವರು ಕೂಗಿದ ಕಿಲೋವನ್ನು ತಾನೂ ಗಟ್ಟಿಯಾಗಿ ಹೇಳಿಯೇ ಬರೆಯುತ್ತಾನೆ.

ನಿಮಗೂ ಹೀಗೆ ಅನ್ನಿಸಿದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಹಳೇ ಪ್ರಗತಿ ಪತ್ರ ಇದ್ದರೆ ಹುಡುಕಿ ತೆಗೆದುಕೊಂಡು ಹೋಗಿ. ಅಮ್ಮ, ಅಜ್ಜಿ ಯಾರಾದರೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು.

ನನ್ನ ಹಾಗೆ ನಿವೃತ್ತರಾದ ಮೇಷ್ಟ್ರು, ಟೀಚರುಗಳಲ್ಲಿ ಒಂದು ಬೇಡಿಕೆ. ಹಳೇ ಹುಡುಗರು ಬಂದು ಕೇಳಿದರೆ ನೆನಪಿದ್ದಷ್ಟನ್ನು ಬರೆದುಕೊಡಿ. ನಾನು ಅವತ್ತು ರಾತ್ರಿ ಎರಡು ಪುಟ ಬರೆದೆ, ಸೋಮಾರಿ ಎಂಬ ಪದ ಬಿಟ್ಟು.

ನಮಸ್ಕಾರ.